ಮತ್ತೆ ಅಗೆಯದ ರಸ್ತೆ ಎಂಬ ಭರವಸೆ

ನೆಲದಡಿಯ ಕೊಳವೆ, ಕೇಬಲ್‌ಗಳನ್ನೂ ಸೇರಿಸಿ ಹೊಸದಾಗಿ ಕಟ್ಟಿದ ಬೆಂಗಳೂರಿನ ಟೆಂಡರ್ ಶ್ಯೂರ್ ರಸ್ತೆಗಳನ್ನು ಹೊಗಳುವವರ ಒಂದು ಮಾತನ್ನು ಯಾರೂ ಸರಿಯಾಗಿ ಪರೀಕ್ಷಿಸಿಲ್ಲ: ಒಮ್ಮೆ ಮಾಡಿದರೆ ಮತ್ತೆ ಅಗೆಯಬೇಕಾಗಿಲ್ಲ. ರೆಸಿಡೆನ್ಸಿ, ಕನ್ನಿಂಗ್‌ಹ್ಯಾಮ್, ಸೇಂಟ್ ಮಾರ್ಕ್ಸ್ ರಸ್ತೆಗಳ ಅಗಲವಾದ ಪಾದಚಾರಿ ಮಾರ್ಗದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಭರವಸೆ ಒಪ್ಪುವುದು ಕೇಬಲ್‌ಗಳಿಗೆ. ತಂತಿಯನ್ನು ಡಕ್ಟ್‌ನೊಳಗೆ ಎಳೆಯಬಹುದು, ಅಡ್ಡ ಬಂದದ್ದನ್ನು ಬಳಸಿಕೊಂಡು ಒಯ್ಯಬಹುದು. ಒಳಚರಂಡಿಗೆ ಆ ಸ್ವಾತಂತ್ರ್ಯವಿಲ್ಲ.

ಕೊಳಚೆ ಹರಿಯುವುದು ಇಳಿಜಾರಿನ ಬಲದಿಂದ. ದಿನದ ಹೆಚ್ಚಿನ ಹರಿವಿನ ಹೊತ್ತಿಗಾದರೂ ವೇಗ ಸೆಕೆಂಡಿಗೆ 0.6 ಮೀಟರ್ ಮುಟ್ಟದಿದ್ದರೆ ಹೂಳು ತಳದಲ್ಲೇ ಕೂರುತ್ತದೆ. ಅದರಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಕೊಳವೆಯ ಮೇಲ್ಭಾಗದ ತೇವದಲ್ಲಿ ಬ್ಯಾಕ್ಟೀರಿಯಾಗಳಿಂದ ಗಂಧಕಾಮ್ಲವಾಗಿ ಕಾಂಕ್ರೀಟನ್ನು ತಿನ್ನುತ್ತದೆ. ಎಷ್ಟೋ ಸಲ ರಸ್ತೆ ಕುಸಿದಾಗಲೇ ಅದು ಗೊತ್ತಾಗುವುದು. ಹೀಗಾಗಿ ಹೊಸ ಕೊಳವೆ ಛೇಂಬರ್‌ನಿಂದ ಛೇಂಬರ್‌ಗೆ ನೇರವಾಗಿ, ಲೆಕ್ಕದ ಇಳಿಜಾರಿನಲ್ಲೇ ಸಾಗಬೇಕು. ನಕ್ಷೆಯಲ್ಲಿಲ್ಲದ ನೀರಿನ ಪೈಪು ಅದೇ ಆಳದಲ್ಲಿ ಎದುರಾದರೆ ಆ ಪೈಪನ್ನೇ ಸರಿಸಬೇಕು, ಇಲ್ಲವೇ ಇಡೀ ಸಾಲನ್ನು ಕೆಳಗಿಳಿಸಬೇಕು. ಅದೂ ಮುಂದಿನ ಹಳೆಯ ಛೇಂಬರ್ ಅಷ್ಟು ಆಳವಿದ್ದರೆ. ಇಷ್ಟೆಲ್ಲ ನಡೆಯುವಾಗಲೂ ಅಕ್ಕಪಕ್ಕದ ಹೋಟೆಲು, ಮನೆಗಳ ಕೊಳಚೆ ನಿಲ್ಲುವುದಿಲ್ಲ. ಮೇಲಿನ ಛೇಂಬರ್‌ನಲ್ಲಿ ಹರಿವನ್ನು ತಡೆದು, ಪಂಪಿನಿಂದ ಎತ್ತಿ, ಕೆಳಗಿನ ಛೇಂಬರ್‌ಗೆ ಸುರಿಯಬೇಕು. ಪಂಪು ಕೈಕೊಟ್ಟರೆ ಕೊಳಚೆ ಹಿಂದಕ್ಕೆ ಒತ್ತಿ ನೆಲಮಾಳಿಗೆಗಳಿಗೆ ನುಗ್ಗುತ್ತದೆ.

ಕಾರುಗಳಿಗೆ ಜಾಗ ಕಡಿಮೆಯಾಯಿತು, ಖರ್ಚು ಹೆಚ್ಚಾಯಿತು ಎಂದು ಟೀಕಿಸಿದವರು ಈ ಆಳಕ್ಕೆ ಇಳಿಯಲೇ ಇಲ್ಲ. ಅಗೆಯದೆಯೇ ಒಳಪದರ ಹಾಕಬಹುದಿತ್ತಲ್ಲ ಎನ್ನುವವರೂ ಇದ್ದಾರೆ. 1971ರಲ್ಲಿ ಲಂಡನ್ನಿನಲ್ಲಿ ಎರಿಕ್ ವುಡ್ ಮೊದಲು ಬಳಸಿದ ವಿಧಾನವದು: ರಾಳದಲ್ಲಿ ನೆನೆಸಿದ ಬಟ್ಟೆಯ ಕೊಳವೆಯನ್ನು ಹಳೆಯದರೊಳಗೆ ತೂರಿಸಿ ಗಟ್ಟಿಗೊಳಿಸುತ್ತಾರೆ. ಬಿರುಕಿಗೆ, ಸೋರಿಕೆಗೆ, ಬೇರು ನುಗ್ಗುವುದಕ್ಕೆ ಅದು ಒಳ್ಳೆಯ ಮದ್ದು. ಆದರೆ ಹಳೆಯ ಕೊಳವೆ ತಗ್ಗಿದ ಕಡೆಯಲ್ಲೆಲ್ಲ ಹೊಸ ಪದರವೂ ತಗ್ಗುತ್ತದೆ. ಹಳೆಯದನ್ನು ಒಡೆಯುತ್ತಲೇ ದೊಡ್ಡ ಕೊಳವೆಯನ್ನು ಎಳೆಯುವ ವಿಧಾನವೂ ಉಂಟು; ಅಲ್ಲಿಯೂ ಮನೆ ಸಂಪರ್ಕಗಳ ಬಳಿ ಗುಂಡಿ ತೋಡಬೇಕು, ಇಳಿಜಾರೂ ಬಹುಮಟ್ಟಿಗೆ ಹಳೆಯದೇ. ಇಳಿಜಾರೇ ಕೆಟ್ಟಿರುವ ಬೀದಿಯನ್ನು ಅಗೆಯದೆ ವಿಧಿಯಿಲ್ಲ.

ಅಗೆದ ಮೇಲೆ ಕಂಡದ್ದನ್ನಾದರೂ ಬರೆದಿಡಬೇಕು. ಪ್ರತಿ ಛೇಂಬರ್‌ನ ತಳಮಟ್ಟ, ಅಡ್ಡಬಂದ ಪ್ರತಿ ಪೈಪಿನ ಆಳ ದಾಖಲಾದ ನಕ್ಷೆಯನ್ನು ಜಲಮಂಡಳಿ ಮತ್ತು ಪಾಲಿಕೆ ಸಾರ್ವಜನಿಕರ ಮುಂದಿಡಲಿ. ಆ ನಕ್ಷೆ ಕೈಸೇರುವ ತನಕ ಗುತ್ತಿಗೆದಾರರ ಕೊನೆಯ ಬಿಲ್ಲು ಪಾಸಾಗಬಾರದು.