ಡಾಲರ್ ಗುರುತು, ಹ್ಯಾಶ್ ಗುರುತು

ಓಪನ್‌ಸ್ಟ್ಯಾಕ್ ಎಂಬ ಕ್ಲೌಡ್ ತಂತ್ರಾಂಶದಲ್ಲಿ ಬಂದವರು ಯಾರು, ಅವರಿಗೆ ಏನೇನು ಅಧಿಕಾರ ಎಂದು ತೀರ್ಮಾನಿಸುವ ಭಾಗ ಕೀಸ್ಟೋನ್. ಅದರ ಇನ್‌ಸ್ಟಾಲೇಶನ್ ಕೈಪಿಡಿಯನ್ನು ಬಳ್ಳಾರಿಯಲ್ಲಿ ಕೂತು ಓದುವಾಗ ನನಗೆ ನೆನಪಾಗುವುದು ಸಿರುಗುಪ್ಪದಿಂದಲೋ ಕುರುಗೋಡಿನಿಂದಲೋ ಬಸ್ಸು ಹಿಡಿದು ಇಲ್ಲಿನ ಎಂಜಿನಿಯರಿಂಗ್ ಕಾಲೇಜಿಗೆ ಬರುವ, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು. ಇಂಗ್ಲಿಷ್ ವಿವರಣೆಯನ್ನು ದಾಟಿಕೊಂಡು ಅವರ ಕಣ್ಣು ನೇರ ಕಮಾಂಡಿನ ಚೌಕಕ್ಕೆ ಹೋಗುತ್ತದೆ. ಅವರ ಪಾಲಿಗೆ ಕೈಪಿಡಿಯೆಂದರೆ ಆ ಚೌಕವೇ. ಅದರೊಳಗೆ ಏನಿದೆ, ಹೊರಗೆ ಏನು ಉಳಿದಿದೆ ಎಂದು ನೋಡಿಯೇ ಕೈಪಿಡಿಯ ಗುಣ ಹೇಳಬೇಕು.

ಶಿಸ್ತಿನ ವಿಷಯದಲ್ಲಿ ತಕರಾರಿಲ್ಲ. ಸಾಲಿನ ಮುಂದೆ $ ಇದ್ದರೆ ಯಾರು ಬೇಕಾದರೂ ಆ ಕಮಾಂಡ್ ಕೊಡಬಹುದು, # ಇದ್ದರೆ ರೂಟ್ ಎಂಬ ಮೇಲಧಿಕಾರದ ಖಾತೆ ಮಾತ್ರ. ಆದರೆ ಸಾಲನ್ನು ಗುರುತಿನ ಸಮೇತ ಕಾಪಿ ಮಾಡಿ ಟರ್ಮಿನಲ್‌ಗೆ ಹಾಕಿದರೆ ಇವೆರಡೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. $ ಕಂಡರೆ ಬ್ಯಾಶ್ ಶೆಲ್, ಇಂಥ ಕಮಾಂಡ್ ಇಲ್ಲವೆಂದು ಕೂಡಲೇ ಹೇಳಿಬಿಡುತ್ತದೆ. # ಕಂಡರೆ ಇಡೀ ಸಾಲು ಟಿಪ್ಪಣಿಯೆಂದು ತಿಳಿದು ಸುಮ್ಮನಿರುತ್ತದೆ. ಯೂನಿಕ್ಸ್ ಲೋಕದಲ್ಲಿ ಸುಮ್ಮನಿದ್ದರೆ ಕೆಲಸ ಆಯಿತೆಂದೇ ಅರ್ಥ ಬೇರೆ! ಡೇಟಾಬೇಸ್ ಸಿದ್ಧಮಾಡುವ ಸಾಲಿಗೂ, ಮೊದಲ ಅಡ್ಮಿನ್ ಖಾತೆ ಹುಟ್ಟಿಸುವ ಬೂಟ್‌ಸ್ಟ್ರ್ಯಾಪ್ ಸಾಲಿಗೂ ಇಲ್ಲಿರುವುದು ಈ # ಗುರುತೇ. ಎಡವಿದ್ದು ಒಂದು ಕಡೆ, ಬಿದ್ದದ್ದು ಮುಂದೆ ಎಲ್ಲೋ.

ಇದಕ್ಕಿಂತ ದೊಡ್ಡ ದೋಷ ಬೂಟ್‌ಸ್ಟ್ರ್ಯಾಪ್ ಸಾಲಿನ ಪಾಸ್‌ವರ್ಡಿನ ಜಾಗದಲ್ಲಿದೆ. ಅಲ್ಲಿ ದೊಡ್ಡಕ್ಷರದಲ್ಲಿ 'ಅಡ್ಮಿನ್_ಪಾಸ್' ಎಂದು ಬರೆದು, ಅದನ್ನು ಬದಲಿಸಿ ಎಂಬ ಸೂಚನೆಯನ್ನು ಚೌಕದ ಹೊರಗೆ, ಕೆಳಗೆ ಕೊಟ್ಟಿದ್ದಾರೆ. ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲದ ಲಿಪಿಯಲ್ಲಿ ಅಕ್ಷರ ಕಲಿತವರಿಗೆ ಅದು ಎಚ್ಚರಿಕೆಯಂತೆ ಕಾಣುವುದಿಲ್ಲ. ಮುಂದೆ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ಕೊಡುವಲ್ಲಿ ಗೊಂದಲ ಇನ್ನೂ ಹೆಚ್ಚು: ಪಾಸ್‌ವರ್ಡಿನ ಸಾಲಿನಲ್ಲಿ = ಚಿಹ್ನೆಯ ಎರಡೂ ಕಡೆ ದೊಡ್ಡಕ್ಷರ. ಎಡಗಡೆಯದನ್ನು ಮುಟ್ಟಬಾರದು, ಬಲಗಡೆಯದನ್ನು ಬದಲಿಸಲೇಬೇಕು. ಚೌಕ ಇದನ್ನು ಹೇಳುವುದೇ ಇಲ್ಲ. ಆ ಪದವನ್ನು ಬದಲಿಸದೆ ಹಾಕಿದರೂ ಎಲ್ಲವೂ ನಡೆಯುತ್ತದೆ, ಲಾಗಿನ್ ಕೂಡ ಆಗುತ್ತದೆ. ಇಡೀ ಕ್ಲೌಡಿನ ಬೀಗದ ಕೈ ಮಾತ್ರ ಕೈಪಿಡಿ ಓದಿದವರೆಲ್ಲರಿಗೂ ಗೊತ್ತಿರುತ್ತದೆ. ಬೇರೆ ತಂತ್ರಾಂಶದಲ್ಲಿ ಇದನ್ನು ಸಣ್ಣ ಲೋಪವೆನ್ನಬಹುದಿತ್ತು. ಗುರುತು ಕಾಯುವ ತಂತ್ರಾಂಶದಲ್ಲಿ ಹಾಗನ್ನಲಾಗದು.

ಇದೇ ಕೈಪಿಡಿ ಹೊಸ ಬಳಕೆದಾರರನ್ನು ಸೇರಿಸುವಲ್ಲಿ ಜಾಣತನ ತೋರಿದೆ. ಅಲ್ಲಿ ಪಾಸ್‌ವರ್ಡನ್ನು ಕಮಾಂಡಿನಲ್ಲಿ ಬರೆಯಿಸದೆ ಆಮೇಲೆ ಕೇಳಿಸುತ್ತದೆ. ಎರಡು ಸಲ ಕೇಳುವ ಆ ಸಾಲುಗಳನ್ನೂ, ಕೊನೆಗೆ ಮೂಡುವ ಕೋಷ್ಟಕವನ್ನೂ ಹಾಗೆಯೇ ಅಚ್ಚುಹಾಕಿದೆ. ಪರದೆಯ ಮೇಲೆ ಬಂದದ್ದು ಸರಿಯೋ ತಪ್ಪೋ ಎಂದು ಹೋಲಿಸಿ ನೋಡಲು ಇಂಗ್ಲಿಷ್ ಬೇಕಿಲ್ಲ. ಬೂಟ್‌ಸ್ಟ್ರ್ಯಾಪ್ ಸಾಲಿಗೆ ಈ ಭಾಗ್ಯವಿಲ್ಲ, ಅಲ್ಲಿ ಕೊಟ್ಟ ಪಾಸ್‌ವರ್ಡ್ ಶೆಲ್ಲಿನ ಹಿಸ್ಟರಿಯಲ್ಲಿ ಉಳಿದುಬಿಡಬಹುದು.

ಪರಿಹಾರ ಹೊಸದೇನಲ್ಲ. ಔಟ್‌ಪುಟ್ ತೋರಿಸದ ಕಡೆ $ ಬೇಡ ಎಂದು ಮಾರ್ಕ್‌ಡೌನ್‌ಲಿಂಟ್ ಎಂಬ ಪರೀಕ್ಷಕದಲ್ಲಿ ನಿಯಮವೇ ಇದೆ. ಕಾಪಿ ಮಾಡುವಾಗ ಮುಂದಿನ ಗುರುತನ್ನು ಬಿಟ್ಟುಬಿಡುವ ಗುಂಡಿಯೂ ಕೈಪಿಡಿ ರೂಪಿಸುವ ಸ್ಫಿಂಕ್ಸ್ ತಂತ್ರಾಂಶಕ್ಕೆ ಸಿಗುತ್ತದೆ. ಬದಲಿಸಬೇಕಾದ ಪದವನ್ನು < > ನಡುವೆ ಇಡುವುದು ಹಳೆಯ ರೂಢಿ. ಆ ಚಿಹ್ನೆಗಳಿಗೆ ಶೆಲ್ಲಿನಲ್ಲಿ ಬೇರೆ ಅರ್ಥ ಇರುವುದರಿಂದ, ಬದಲಿಸದೆ ಹಾಕಿದರೆ ಸಾಮಾನ್ಯವಾಗಿ ಅಲ್ಲೇ ದೋಷ ಬರುತ್ತದೆ. ಕೆಲವರು ಇದನ್ನು ಕೊರತೆ ಎನ್ನುತ್ತಾರೆ. ನನ್ನ ಮಟ್ಟಿಗೆ ಅದೇ ಅದರ ಗುಣ.

ಬೆಂಗಳೂರಿನ ಟ್ರಿಪಲ್ ಐಟಿಯಲ್ಲಿ 2018ರಲ್ಲಿ ಶುರುವಾದ ಮೋಸಿಪ್ ಎಂಬ ತಂತ್ರಾಂಶ ಇಂದು ಫಿಲಿಪೀನ್ಸ್, ಮೊರಾಕೊದಂಥ ದೇಶಗಳ ಗುರುತಿನ ವ್ಯವಸ್ಥೆಗೆ ಒದಗಿದೆ. ಇಂಥ ಕೈಪಿಡಿಗಳನ್ನು ಬರೆಯುವವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಅವರಲ್ಲಿ ಒಂದು ಕೋರಿಕೆ: ಪ್ರಕಟಿಸುವ ಮುನ್ನ ನಿಮ್ಮ ಚೌಕಗಳನ್ನು ಬಳ್ಳಾರಿ ಕಡೆಯ ಒಬ್ಬ ವಿದ್ಯಾರ್ಥಿಗೆ ಕೊಟ್ಟು, ಇದ್ದದ್ದು ಇದ್ದಹಾಗೆ ಅಂಟಿಸಲು ಹೇಳಿ ನೋಡಿ.