ಸಂಪಂಗಿ ಕೆರೆಯಿಂದ ಕಂಠೀರವ ಕ್ರೀಡಾಂಗಣದವರೆಗೆ: ಒಂದು ನೆಲೆಯ ಬಳಕೆಗಳು ಮತ್ತು ಜಾನಪದದ ನೆನಪು

ನಗರದ ನಡುವಿನ ಐತಿಹಾಸಿಕ ನೆಲೆಗಳನ್ನು ಕುರಿತ ಬರಹಗಳು ಸಾಮಾನ್ಯವಾಗಿ ಒಂದು ಅನುಕ್ರಮವನ್ನು ಪಾಲಿಸುತ್ತವೆ. ಒಂದು ಬಳಕೆ ಮುಗಿಯಿತು, ಮತ್ತೊಂದು ಬಳಕೆ ಆರಂಭವಾಯಿತು ಎಂಬುದು ಅವುಗಳ ನಿರೂಪಣಾ ಕ್ರಮ. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣ ನಿಂತಿರುವ ಸಂಪಂಗಿ ಕೆರೆಯ ಅಂಗಳವನ್ನು ಜಾನಪದದ ದೃಷ್ಟಿಯಿಂದ ನೋಡಿದಾಗ ಈ ಕ್ರಮ ಸಾಲದೆಂಬುದು ಸ್ಪಷ್ಟವಾಗುತ್ತದೆ. ಆದರೆ ಈ ಕ್ರಮಕ್ಕೆ ಪರ್ಯಾಯವಾಗಿ ಜಾನಪದ ಸಂಶೋಧನೆ ಮುಂದಿಟ್ಟಿರುವ 'ನೆನಪಿನ ಮುಂದುವರಿಕೆ' ಎಂಬ ಪರಿಕಲ್ಪನೆಯೂ ಪರಿಶೀಲನೆಗೆ ಒಳಪಡಬೇಕಾಗಿದೆ. ಪ್ರಸ್ತುತ ಲೇಖನದ ಉದ್ದೇಶ ಅದೇ ಆಗಿದೆ.

ಸಂಪಂಗಿ ಕೆರೆಯನ್ನು ಜನಶ್ರುತಿ ಕೆಂಪೇಗೌಡರ ಮನೆತನದೊಂದಿಗೆ ಜೋಡಿಸುತ್ತದೆ. ಪೇಟೆ ಮತ್ತು ದಂಡು ಪ್ರದೇಶಗಳ ನಡುವೆ ಇದ್ದ ಈ ಕೆರೆ ಕುಡಿಯುವ ನೀರಿಗೂ, ತೋಟಗಾರಿಕೆಗೂ ಆಸರೆಯಾಗಿತ್ತು. ಕೆರೆಯ ಅಂಗಳದಲ್ಲಿ ಇಟ್ಟಿಗೆ ಮಾಡುವ ಕೆಲಸವೂ ನಡೆಯುತ್ತಿತ್ತು. ನೀರು ಇಳಿದ ನೆಲ ದಂಡಿನವರ ಪೋಲೊ ಆಟಕ್ಕೂ ಒದಗಿತು. 1896ರಲ್ಲಿ ಹೆಸರಘಟ್ಟದಿಂದ ಕೊಳವೆಯ ಮೂಲಕ ನೀರು ನಗರಕ್ಕೆ ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾಯಿತು. ಕುಡಿಯುವ ನೀರಿಗಾಗಿ ನಗರವು ಕೆರೆಯನ್ನು ನೆಚ್ಚಬೇಕಾದ ಅಗತ್ಯ ತಪ್ಪಿದ ಮೇಲೆ ಕೆರೆ ಆಡಳಿತದ ಕಣ್ಣಿಗೆ ಬರಿಯ ನೆಲವಾಗಿ ಕಾಣತೊಡಗಿತು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅದು ಕ್ರೀಡಾಂಗಣವಾಗಿ, ಹದಿನೇಳನೆಯ ಶತಮಾನದ ಮೈಸೂರು ಅರಸ ಕಂಠೀರವ ನರಸರಾಜ ಒಡೆಯರ ಹೆಸರನ್ನು ಪಡೆಯಿತು. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಅದು ಇನ್ನಷ್ಟು ವಿಸ್ತಾರವಾದ ರೂಪ ತಾಳಿತು. ಈ ಪ್ರಕ್ರಿಯೆಯಲ್ಲಿ ವಿವಿಧ ಬಳಕೆದಾರರ ನಡುವೆ ಇದ್ದ ಅಧಿಕಾರದ ಅಸಮಾನತೆಯನ್ನು ಹರಿಣಿ ನಾಗೇಂದ್ರ ಮತ್ತು ಅವರ ಸಹಸಂಶೋಧಕರು ಪತ್ರಾಗಾರದ ದಾಖಲೆಗಳ ಆಧಾರದಿಂದ ಚರ್ಚಿಸಿದ್ದಾರೆ.

ಕ್ರೀಡಾಂಗಣವಾದ ನಂತರವೂ ಈ ನೆಲೆ ಆಟಕ್ಕಷ್ಟೇ ಮೀಸಲಾಗಲಿಲ್ಲ. 2006ರಲ್ಲಿ ಡಾ. ರಾಜಕುಮಾರ್, 2018ರಲ್ಲಿ ಅಂಬರೀಶ್, 2021ರಲ್ಲಿ ಪುನೀತ್ ರಾಜಕುಮಾರ್ ನಿಧನರಾದಾಗ ಅವರ ಪಾರ್ಥಿವ ಶರೀರಗಳನ್ನು ಅಂತಿಮ ದರ್ಶನಕ್ಕೆ ಇರಿಸಿದ್ದು ಇಲ್ಲಿಯೇ. 2013 ಮತ್ತು 2023ರಲ್ಲಿ ಮುಖ್ಯಮಂತ್ರಿಗಳ ಪ್ರಮಾಣವಚನವೂ ಇಲ್ಲಿ ನಡೆಯಿತು. ಶೋಕ ಮತ್ತು ಪಟ್ಟಾಭಿಷೇಕ ಎಂಬ ಎರಡು ಸಾಮೂಹಿಕ ವಿಧಿಗಳಿಗೆ ನಗರವು ಇದೇ ಅಂಗಳವನ್ನು ಆರಿಸಿಕೊಂಡಿರುವುದು ಗಮನಾರ್ಹ.

ಇವೆಲ್ಲಕ್ಕೂ ಹಿಂದಿನದು ಕರಗದ ಸಂಬಂಧ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ಚೈತ್ರ ಹುಣ್ಣಿಮೆಯ ರಾತ್ರಿ ಹೊರಡುವ ಹೂವಿನ ಕರಗ ಎಲ್ಲರಿಗೂ ಪರಿಚಿತ. ಅದಕ್ಕೆ ಮುಂಚಿನ ಹಸಿ ಕರಗದ ವಿಧಿಗಳು ಜಲಮೂಲವನ್ನು ಬಿಟ್ಟು ನಡೆಯಲಾರವು. ಈ ಆಚರಣೆಯ ಪರಂಪರೆಯಲ್ಲಿ ಸಂಪಂಗಿ ಕೆರೆಗೆ ಸ್ಥಾನವಿದೆ. ಕೆರೆ ಹೋದರೂ ಆಚರಣೆಗೆಂದು ಒಂದು ಸಣ್ಣ ಕೊಳ ಉಳಿದಿದೆ. ಪಕ್ಕದ ಬಡಾವಣೆಯನ್ನು ಜನ ಇಂದಿಗೂ ಸಂಪಂಗಿರಾಮನಗರವೆಂದೇ ಕರೆಯುತ್ತಾರೆ.

ಸ್ಮೃತಿ ಶ್ರೀನಿವಾಸ್ ಅವರು 2001ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅಧ್ಯಯನ ಕರಗವನ್ನು ನಗರದ ಸ್ಮೃತಿಯ ಭೂಪಟವಾಗಿ ಓದಲು ದಾರಿ ತೋರಿತು. ಕೆರೆ, ತೋಟ, ಗುಡಿಗಳನ್ನು ಒಂದೇ ವಿನ್ಯಾಸದಲ್ಲಿ ನೋಡಿದ್ದು ಆ ಕೃತಿಯ ಹೆಚ್ಚುಗಾರಿಕೆ. ಆದರೆ ಕನ್ನಡದಲ್ಲಿ ಕರಗವನ್ನು ಕುರಿತು ಬರೆಯುವಾಗ ನಮ್ಮ ಗಮನ ಹೆಚ್ಚಾಗಿ ದ್ರೌಪದಿಯ ಕಥೆ, ವೀರಕುಮಾರರ ಖಡ್ಗ, ತವಕ್ಕಲ್ ಮಸ್ತಾನ್ ದರ್ಗಾದ ಭೇಟಿ ಇವುಗಳ ಸುತ್ತಲೇ ನಿಲ್ಲುತ್ತದೆ. ಕೆರೆ ಮುಚ್ಚಿದರೂ ಆಚರಣೆ ಉಳಿದಿದೆ, ಆದ್ದರಿಂದ ನೆನಪು ಅಳಿದಿಲ್ಲ ಎಂಬ ತೀರ್ಮಾನಕ್ಕೆ ನಾವು ಸುಲಭವಾಗಿ ಬಂದುಬಿಡುತ್ತೇವೆ.

ಈ ತೀರ್ಮಾನವನ್ನು ಪ್ರಶ್ನಿಸಬೇಕು. ಕರಗವನ್ನು ಹೊರುವ ವಹ್ನಿಕುಲದವರು, ಅಂದರೆ ತಿಗಳರು, ಹೂವು ತರಕಾರಿ ಬೆಳೆಯುವ ಕುಶಲ ತೋಟಗಾರರು. ಅವರ ಪಾಲಿಗೆ ಕೆರೆಯೆಂದರೆ ಶಕ್ತಿಯ ನೆಲೆಯೂ ಹೌದು, ಮಡಿಗೆ ಹಾಯುವ ನೀರೂ ಹೌದು. ಈ ಎರಡು ಸಂಬಂಧಗಳಲ್ಲಿ ನಗರವು ಒಂದನ್ನು ಮಾನ್ಯ ಮಾಡಿತು, ಇನ್ನೊಂದನ್ನು ಕೈಬಿಟ್ಟಿತು. ವಿಧಿಗೆ ಒಂದು ಕೊಳ ಸಾಕು. ತೋಟಕ್ಕೆ ಇಡೀ ಕೆರೆಯೇ ಬೇಕು. ಕೊಳವನ್ನು ಉಳಿಸುವುದು ಆಡಳಿತಕ್ಕೆ ಹೊರೆಯಾಗಲಿಲ್ಲ. ಆ ಕೊಳವನ್ನು ತೋರಿಸಿ ಪರಂಪರೆ ಉಳಿಯಿತೆಂದು ಹೇಳುವುದು ಸಂಶೋಧಕರಿಗೂ ಕಷ್ಟವಾಗಲಿಲ್ಲ. ಇಟ್ಟಿಗೆ ಮಾಡುವವರ ಸ್ಥಿತಿ ಇದಕ್ಕಿಂತ ಕಠಿಣ. ಆ ಕಸುಬಿಗೆ ಈ ನೆಲೆಯಲ್ಲಿ ಉತ್ಸವವಿರಲಿಲ್ಲ, ಆದ್ದರಿಂದ ಅದಕ್ಕೆ ಇಲ್ಲಿ ಕುರುಹೂ ಇಲ್ಲ.

ಇದರಿಂದ ಜಾನಪದ ಅಧ್ಯಯನದ ವಿಧಾನಕ್ಕೆ ಸಂಬಂಧಿಸಿದ ಒಂದು ಅಂಶ ಹೊರಡುತ್ತದೆ. ಉತ್ಸವದ ರಾತ್ರಿಗಳಲ್ಲಿ ಮಾತ್ರ ನಡೆಯುವ ಕ್ಷೇತ್ರಕಾರ್ಯಕ್ಕೆ ವಿಧಿ ಕಾಣುತ್ತದೆ, ದುಡಿಮೆ ಕಾಣುವುದಿಲ್ಲ. ಆಗ ಸಂಗ್ರಹವಾಗುವ ನೆನಪು ಆಡಳಿತವು ಉಳಿಯಗೊಟ್ಟ ನೆನಪೇ ಆಗಿರುತ್ತದೆ. ಕರಗದ ಮೈತುಂಬ ಇರುವ ಮಲ್ಲಿಗೆಯನ್ನು ವರ್ಣಿಸುವ ನಾವು ಆ ಹೂವು ಒಂದು ಕಾಲಕ್ಕೆ ಯಾವ ಮಣ್ಣಿನಲ್ಲಿ, ಯಾವ ನೀರಿನಲ್ಲಿ ಬೆಳೆಯುತ್ತಿತ್ತು ಎಂದು ಕೇಳಿದ್ದು ವಿರಳ.

ಆದ್ದರಿಂದ ಇಂತಹ ನೆಲೆಗಳ ಚರಿತ್ರೆಯನ್ನು ಬರೆಯುವಾಗ ಕಥನ ಮತ್ತು ಆಚರಣೆಗಳ ಜೊತೆಗೆ ಕಸುಬಿನ ಪದಕೋಶ, ನೀರು ಹಂಚಿಕೆಯ ರೂಢಿಗಳು, ತೋಟಗಳ ಗಡಿ ಮತ್ತು ಹೆಸರುಗಳು, ಅವು ಕೈತಪ್ಪಿದ ಬಗೆ ಇವೆಲ್ಲವನ್ನೂ ಹಿರಿಯರ ಮಾತಿನಿಂದಲೇ ದಾಖಲಿಸಬೇಕಾಗಿದೆ. ಪತ್ರಾಗಾರದ ಅರ್ಜಿಗಳನ್ನೂ ಮೌಖಿಕ ಹೇಳಿಕೆಗಳನ್ನೂ ಒಂದಕ್ಕೊಂದು ಹೋಲಿಸಿ ನೋಡುವ ಕೆಲಸ ಇನ್ನಷ್ಟು ನಡೆಯಬೇಕು. ಸಂಪಂಗಿ ಕೆರೆಯ ಕೊಳವನ್ನು ಉಳಿದದ್ದರ ಸಾಕ್ಷಿಯೆಂದು ಎಷ್ಟು ಓದುತ್ತೇವೆಯೋ ಕಳೆದುಹೋದದ್ದರ ಅಳತೆಯೆಂದೂ ಅಷ್ಟೇ ಓದಿದಾಗ ಮಾತ್ರ ಆ ನೆಲೆಯ ಬಳಕೆಗಳ ಚರಿತ್ರೆ ನ್ಯಾಯಯುತವಾದೀತು.