ಒಬ್ಬನ ಕಾಲ ಮೇಲೆ ನಿಂತ ತಂಡ

2025ರ ಏಪ್ರಿಲ್ 6ರಂದು ಫಟೋರ್ಡಾದಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿ, ಬೆಂಗಳೂರು ಎಫ್‌ಸಿ ತನ್ನ ನೆಲದಲ್ಲಿ ಗಳಿಸಿದ್ದ ಎರಡು ಗೋಲುಗಳ ಮುನ್ನಡೆಯನ್ನು ಎಫ್‌ಸಿ ಗೋವಾ ಅಳಿಸಿಹಾಕಿತ್ತು. ಇನ್ನು ಹೆಚ್ಚುವರಿ ಆಟವೇ ಗತಿ ಎನ್ನುವಾಗ ಬೆಂಗಳೂರಿನ ಸುನಿಲ್ ಛೆಟ್ರಿ ಚೆಂಡಿಗೆ ತಲೆ ಕೊಟ್ಟರು, ತಂಡ ಫೈನಲ್ ಮುಟ್ಟಿತು. ಆಗ ಅವರಿಗೆ 40 ವರ್ಷ. ಆ ಋತುವಿನಲ್ಲಿ ಅವರು ಹೊಡೆದದ್ದು 14 ಗೋಲು. ಭಾರತೀಯರ ಪೈಕಿ ಅಷ್ಟು ಯಾರೂ ಹೊಡೆದಿರಲಿಲ್ಲ. ಇಷ್ಟು ಚೆನ್ನಾಗಿ ಆಡುವವನನ್ನು ವಯಸ್ಸಾಯಿತೆಂದು ಕೂರಿಸುವುದು ಯಾವ ನ್ಯಾಯ ಎಂದು ಅಭಿಮಾನಿಗಳು ಕೇಳುತ್ತಾರೆ. ನ್ಯಾಯವಲ್ಲ, ಒಪ್ಪೋಣ. ಆದರೆ ಅದೇ 14 ಗೋಲು ಛೆಟ್ರಿಯ ಶಕ್ತಿಯ ಜೊತೆಗೆ ಉಳಿದವರ ಬಡತನವನ್ನೂ ಹೇಳುತ್ತದೆ. ರಾಷ್ಟ್ರೀಯ ತಂಡದ ಕಥೆಯೂ ಬೇರೆಯಲ್ಲ. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ವಿದಾಯ ಹೇಳಿದವರನ್ನು ಮುಂದಿನ ಮಾರ್ಚ್‌ನಲ್ಲಿ ಮತ್ತೆ ಕರೆಸಬೇಕಾಯಿತು; ಅಷ್ಟಾದರೂ ಭಾರತ 2027ರ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಲಿಲ್ಲ.

ಹಿರಿಯರು ಜಾಗ ಬಿಡದಿದ್ದರೆ ಹುಡುಗರು ಬೆಳೆಯುವುದು ಹೇಗೆ ಎಂಬ ವಾದ ಕೇಳಲು ಸರಿಯೆನಿಸುತ್ತದೆ, ನಿಜವಲ್ಲ. ಛೆಟ್ರಿ ಹಿಡಿದಿಟ್ಟದ್ದು ಒಂದೇ ಜಾಗ. ಉಳಿದ ಮುಂಚೂಣಿ ಜಾಗಗಳನ್ನು ಕ್ಲಬ್‌ಗಳು ವಿದೇಶಿಯರಿಗೆ ಕೊಡುತ್ತ ಬಂದವು. 2017–18ರಲ್ಲಿ ಬೆಂಗಳೂರಿನ ನಡುಮುಂಚೂಣಿಯಲ್ಲಿ ವೆನೆಜುವೆಲಾದ ಮಿಕು ಆಡುವಾಗ ಸ್ವತಃ ಛೆಟ್ರಿಯೇ ಎಡಬದಿಗೆ ಸರಿದಿದ್ದರು. ಅವರಿಗೇ ಹಾಗಾದರೆ ಇಪ್ಪತ್ತರ ಹುಡುಗನ ಪಾಡೇನು? ಛೆಟ್ರಿ ಪಳಗಿದ್ದು ಈ ಲೀಗ್ ಹುಟ್ಟುವ ಮುಂಚೆ, ಮೋಹನ್ ಬಾಗಾನ್ ಮತ್ತು ಜೆಸಿಟಿಯಲ್ಲಿ. ಅಲ್ಲಿ ಅವರಿಗೆ ತಪ್ಪು ಮಾಡಲೂ ಅವಕಾಶವಿತ್ತು. 2021ರಿಂದ ಐಎಸ್‌ಎಲ್ ಮೈದಾನದಲ್ಲಿ ವಿದೇಶಿಯರ ಸಂಖ್ಯೆಯನ್ನು ನಾಲ್ಕಕ್ಕೆ ಇಳಿಸಿತಾದರೂ, ಗೋಲು ಹೊಡೆಯುವ ಕೆಲಸ ಹೊರಗಿನವರದೇ ಎಂಬ ಚಾಳಿ ಹೋಗಲಿಲ್ಲ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹುಟ್ಟಿದ, ಬೆಂಗಳೂರು ಎಫ್‌ಸಿಯ 32ರ ರಯಾನ್ ವಿಲಿಯಮ್ಸ್ 2025ರಲ್ಲಿ ಭಾರತದ ಪೌರತ್ವ ಪಡೆದರು. ಅವರ ಆಟ ಒಳ್ಳೆಯದೇ, ಆದರೆ ಹೊಸ ತಲೆಮಾರು ಎಂದರೆ ಇದಲ್ಲ.

ಹಾಗಾದರೆ ಅಕಾಡೆಮಿಗಳಿವೆಯಲ್ಲ? ಇವೆ. ಬೆಂಗಳೂರಿನ ವಿನಿತ್ ವೆಂಕಟೇಶ್ 2024ರ ಸೆಪ್ಟೆಂಬರ್‌ನಲ್ಲಿ, ಹದಿಹರೆಯದಲ್ಲೇ, ಈಸ್ಟ್ ಬೆಂಗಾಲ್ ವಿರುದ್ಧ ಗೆಲುವಿನ ಗೋಲು ಹೊಡೆದರು. ಕ್ಲಬ್‌ನ ವಸತಿ ಅಕಾಡೆಮಿಗೆ ನೆಲೆಯಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಇರುವುದು ತೋರಣಗಲ್ಲಿನ ಬಳಿ, ಅಂದರೆ ನಮ್ಮ ಕಲ್ಯಾಣ ಕರ್ನಾಟಕದಲ್ಲೇ. ಆದರೆ ಅಕಾಡೆಮಿ ಆಡುವವರಲ್ಲಿ ಒಬ್ಬನನ್ನು ಆರಿಸೀತು, ಆಡದ ಊರನ್ನು ಆಡಿಸಲಾರದು. ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿಯ ಮೈದಾನಗಳಲ್ಲಿ ಸಂಜೆ ಕಾಣುವುದು ಕ್ರಿಕೆಟ್ಟು, ಕಬಡ್ಡಿ, ವಾಲಿಬಾಲ್. ಫುಟ್‌ಬಾಲ್ ಬಹುಮಟ್ಟಿಗೆ ಶಾಲಾ ಕ್ರೀಡಾಕೂಟದ ಕೆಲವು ದಿನಗಳ ಸಂಭ್ರಮ: ತಂಡ ಕಟ್ಟಿ, ಆಡಿ, ಸೋತು, ಬೂಟು ಎತ್ತಿಟ್ಟರೆ ಮತ್ತೆ ಮುಂದಿನ ವರ್ಷವೇ. ರಾಯಚೂರು ನಗರದ ಹುಡುಗನಿಗೂ ವಾರವಾರ ಎದುರಾಳಿ ಸಿಗುವ ಲೀಗ್ ಬೇಕು.

ಒಬ್ಬನ ಮೇಲೇ ನಿಂತರೆ ಏನಾಗುತ್ತದೆ ಎಂಬುದಕ್ಕೆ, ರಾಯಚೂರು 1956ರವರೆಗೆ ಸೇರಿದ್ದ ಹೈದರಾಬಾದ್ ರಾಜ್ಯದ್ದು ಇಲ್ಲಿ ನೆನೆಯಬೇಕಾದ ಉದಾಹರಣೆ. ಸೈಯದ್ ಅಬ್ದುಲ್ ರಹೀಮ್ ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 54ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. ಅವರದೇ ತರಬೇತಿಯಲ್ಲಿ ಭಾರತ 1962ರ ಏಷ್ಯನ್ ಗೇಮ್ಸ್ ಚಿನ್ನ ತಂದಿತು. ಮರುವರ್ಷ ರಹೀಮ್ ತೀರಿಕೊಂಡರು, ಆ ಚಿನ್ನ ಮತ್ತೆ ಬರಲಿಲ್ಲ. ಅವರು ಆಟಗಾರರನ್ನು ಬೆಳೆಸಿದರು, ಅವರ ಜಾಗಕ್ಕೆ ಇನ್ನೊಬ್ಬ ಗುರುವನ್ನು ಬೆಳೆಸುವ ಏರ್ಪಾಡನ್ನು ಮಾತ್ರ ಯಾರೂ ಮಾಡಲಿಲ್ಲ. ಛೆಟ್ರಿಯ ಕ್ಲಬ್ ಅಂಥ ಏರ್ಪಾಡು ಮಾಡಲಾರದಷ್ಟು ದುರ್ಬಲವಲ್ಲ, ಹಣವಿದೆ, 2018–19ರ ಐಎಸ್‌ಎಲ್ ಪ್ರಶಸ್ತಿಯಿದೆ. ಮಾಡಬೇಕಾದ್ದು ದೊಡ್ಡದೇನಲ್ಲ: ಪ್ರತಿ ಪಂದ್ಯದಲ್ಲಿ ಒಬ್ಬ ಭಾರತೀಯ ಹುಡುಗನನ್ನು ನಡುಮುಂಚೂಣಿಯಲ್ಲೇ ಆಡಿಸಿ, ಅವನು ನಾಲ್ಕು ಗೋಲು ತಪ್ಪಿಸಿದರೂ ಐದನೇ ಪಂದ್ಯಕ್ಕೆ ಮತ್ತೆ ಇಳಿಸುವುದು. ಅಂಕಪಟ್ಟಿಯಲ್ಲಿ ಒಂದೆರಡು ಸ್ಥಾನ ಹೋದಾವು. ಛೆಟ್ರಿ ಇದ್ದೂ 2023–24ರಲ್ಲಿ ತಂಡ 10ನೇ ಸ್ಥಾನಕ್ಕೆ ಇಳಿದಿತ್ತಲ್ಲ.